ಹೆಸರಿನ ಕೊನೆಯ ಸ್ಪೇಸ್ ಅರ್ಜಿದಾರರ ತಪ್ಪಲ್ಲ

ಸಂಪಾದಕರಿಗೆ ನಮಸ್ಕಾರಗಳು.

‘ಹೆಸರು ತಾಳೆಯಾಗುತ್ತಿಲ್ಲ’ ಎಂದು ಆನ್‌ಲೈನ್ ಅರ್ಜಿ ವಾಪಸಾದ ಸಂಕಟವನ್ನು ಓದುಗರು ಪತ್ರಿಕೆಗಳಿಗೆ ಆಗಾಗ ಬರೆಯುತ್ತಿರುತ್ತಾರೆ. ಕಾಗುಣಿತ ತಪ್ಪಿರಬಹುದು, ಇನಿಷಿಯಲ್ ಹಿಂದೆ ಮುಂದೆ ಆಗಿರಬಹುದು. ಆದರೆ ಎಲ್ಲವೂ ಸರಿಯಿದ್ದು ಅರ್ಜಿ ನಿಂತುಹೋಗುವುದೂ ಉಂಟು. ಅಂಥ ಒಂದು ಕಾರಣವನ್ನು ನಾನು ಬಹಳ ಹತ್ತಿರದಿಂದ ಕಂಡಿದ್ದೇನೆ. ಅದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಯಾರೂ ಅದರ ಬಗ್ಗೆ ದೂರು ಬರೆಯುವುದಿಲ್ಲ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಮನ್ನಿಸಿ.

ತಿಪಟೂರಿನಲ್ಲಿ ನಾನು 1986ರಿಂದ ಮೂವತ್ತೆರಡು ವರ್ಷ ಟೈಪಿಂಗ್ ಕಲಿಸಿದೆ. ಮೊದಲು ರೆಮಿಂಗ್ಟನ್ ಮತ್ತು ಗೋದ್ರೆಜ್ ಯಂತ್ರಗಳು, ಆಮೇಲೆ ಕಂಪ್ಯೂಟರ್. ಕೊನೆಯ ಹತ್ತು ಹನ್ನೆರಡು ವರ್ಷ ಟೈಪಿಂಗ್ ಜೊತೆಗೆ ಡಿಟಿಪಿ, ಝೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಕೆಲಸವೂ ಸೇರಿಕೊಂಡಿತು.

ಟೈಪಿಂಗ್‌ಗೆ ಬಂದ ಮಕ್ಕಳಿಗೆ ಮೊದಲ ದಿನದ ಪಾಠ ಎ ಎಸ್ ಡಿ ಎಫ್ ಜಿ ಎಫ್. ಅದು ಮುಗಿದ ಕೂಡಲೇ ಹೆಬ್ಬೆರಳು ಸ್ಪೇಸ್ ಬಾರ್ ಮೇಲೆ ಬೀಳಬೇಕು. ಆಮೇಲೆ ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ, ಮತ್ತೆ ಸ್ಪೇಸ್. ಇದನ್ನು ಪುಟಗಟ್ಟಲೆ ಹೊಡೆಸುತ್ತಿದ್ದೆ. ಪದ ಮುಗಿದರೆ ಹೆಬ್ಬೆರಳು ತಾನಾಗಿ ಬೀಳಬೇಕು, ಯೋಚಿಸಿ ಒತ್ತುವಂತಿರಬಾರದು. ಅಲ್ಪವಿರಾಮದ ನಂತರ ಒಂದು ಸ್ಪೇಸ್, ಪೂರ್ಣವಿರಾಮದ ನಂತರ ಎರಡು. ವೇಗ ಲೆಕ್ಕ ಹಾಕುವಾಗ ಐದು ಹೊಡೆತಕ್ಕೆ ಒಂದು ಪದ, ಆ ಐದರಲ್ಲಿ ಸ್ಪೇಸೂ ಸೇರುತ್ತದೆ. ‘ಖಾಲಿ ಜಾಗ ಅಂತ ಅಸಡ್ಡೆ ಮಾಡಬೇಡಿ, ಅದೂ ಒಂದು ಅಕ್ಷರವೇ’ ಎಂದು ಎಷ್ಟು ಬ್ಯಾಚಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಹೀಗೆ ಪಳಗಿದ ಕೈ ಕಂಪ್ಯೂಟರಿನ ಮುಂದೆ ಕುಳಿತು ಫಾರಂನಲ್ಲಿ ಹೆಸರು ಹೊಡೆದರೆ ಏನಾಗುತ್ತದೆ? ಹೆಸರು ಮುಗಿಯುತ್ತಲೇ ಹೆಬ್ಬೆರಳು ಬೀಳುತ್ತದೆ. ಆಮೇಲೆ ಟ್ಯಾಬ್ ಒತ್ತಿ ಮುಂದಿನ ಚೌಕಕ್ಕೆ ಹೋಗುತ್ತಾರೆ. ಹೆಸರಿನ ಬಾಲದಲ್ಲಿ ಒಂದು ಸ್ಪೇಸ್ ಉಳಿದುಬಿಡುತ್ತದೆ. ಬಾಲವಿರುವ ಹೆಸರು, ಬಾಲವಿಲ್ಲದ ಹೆಸರು ಕಂಪ್ಯೂಟರಿಗೆ ಎರಡು ಬೇರೆ ಹೆಸರುಗಳಾಗಬಹುದು, ‘ತಾಳೆಯಾಗುತ್ತಿಲ್ಲ’ ಎನ್ನುವುದು ಹೀಗೆ. ಅದು ಬೇಜವಾಬ್ದಾರಿಯಲ್ಲ, ಕಲಿತ ವಿದ್ಯೆ. ಈಗಿನ ಮೊಬೈಲ್ ಕೀಬೋರ್ಡ್ ಕೂಡ ಅದನ್ನೇ ಮಾಡುತ್ತದೆ. ಮೇಲೆ ಬರುವ ಸಲಹೆಯ ಪದವನ್ನು ಮುಟ್ಟಿದರೆ ಪದದ ಜೊತೆಗೆ ಒಂದು ಸ್ಪೇಸನ್ನೂ ತಾನೇ ಸೇರಿಸಿಕೊಡುತ್ತದೆ. ಟೈಪಿಂಗ್ ಕಲಿಯದವರ ಅರ್ಜಿಯಲ್ಲೂ ಬಾಲ ಸೇರಿಕೊಳ್ಳುವುದು ಹೀಗೆ.

ಈ ಬಾಲವನ್ನು ಕತ್ತರಿಸುವುದು ಫಾರಂ ಬರೆದವರ ಕೆಲಸ. ಅವರ ಭಾಷೆಯಲ್ಲಿ ಅದಕ್ಕೆ ಟ್ರಿಮ್ ಎನ್ನುತ್ತಾರೆ. ತುಂಬಿದ ಉತ್ತರದ ಮೊದಲ ಅಕ್ಷರಕ್ಕಿಂತ ಹಿಂದೆ ಇರುವ ಖಾಲಿ, ಕೊನೆಯ ಅಕ್ಷರದ ಆಚೆ ಇರುವ ಖಾಲಿ, ಎರಡನ್ನೂ ತೆಗೆದು ನಡುವಿನದನ್ನು ಮುಟ್ಟದೆ ಬಿಡುವುದು. ಇಷ್ಟೇ ಕೆಲಸ. ಆದರೆ ಈ ಇಷ್ಟು ಕೆಲಸದಿಂದಲೇ 2013ರಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಒಂದು ನೌಕರಿಯ ಅರ್ಜಿಯನ್ನು ಇನ್ನೇನು ಕಳೆದುಕೊಳ್ಳುವುದರಲ್ಲಿದ್ದಳು.

ಅವತ್ತು ಅರ್ಜಿ ಹಾಕಲು ಕೊನೆಯ ದಿನದ ಹಿಂದಿನ ದಿನ. ನಮ್ಮಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿಯ ಹಳೆಯ ಕಂಪ್ಯೂಟರ್, ಅದರಲ್ಲಿ ಜಾಲತಾಣ ತೆರೆಯಲು ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಎಂಬ ಬ್ರೌಸರ್. ಮಧ್ಯಾಹ್ನ ಕರೆಂಟ್ ಹೋಗಿ ನಾಲ್ಕಕ್ಕೆ ಬಂತು. ಅವಳು ಎಲ್ಲವನ್ನೂ ತುಂಬಿ ಕೊನೆಯ ಬಟನ್ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ‘ಮಿಸ್, ಬಟನ್ ಸತ್ತೋಗಿದೆ ಅನ್ಸುತ್ತೆ’ ಎಂದಳು. ನೋಡಿದರೆ ಕೆಳಗೆ ಎಡಮೂಲೆಯಲ್ಲಿ ಪುಟ್ಟ ಹಳದಿ ತ್ರಿಕೋನ. ಅದರ ಮೇಲೆ ಎರಡು ಸಲ ಒತ್ತಿದಾಗ ‘ಆಬ್ಜೆಕ್ಟ್ ಡಸಂಟ್ ಸಪೋರ್ಟ್ ದಿಸ್ ಪ್ರಾಪರ್ಟಿ ಆರ್ ಮೆಥಡ್’ ಎಂದು ಬಂತು. ಹೆಸರು ತಪ್ಪಿದೆ ಎಂದಾಗಲಿ, ಫೋಟೊ ದೊಡ್ಡದಾಯಿತು ಎಂದಾಗಲಿ ಹೇಳಿದ್ದರೆ ಸರಿಮಾಡಬಹುದಿತ್ತು. ಇದನ್ನು ಓದಿ ಏನು ಮಾಡುವುದು? ಮೂರು ಸಲ ಮೊದಲಿನಿಂದ ತುಂಬಿದೆವು. ರಾತ್ರಿ ಎಂಟೂವರೆಗೆ ಅವಳ ತಂದೆ ಬಂದು ಬಾಗಿಲಲ್ಲೇ ಕುಳಿತರು. ಕೊಬ್ಬರಿ ಮಾರಿ ಪರೀಕ್ಷೆ ಶುಲ್ಕದ ದುಡ್ಡು ತಂದಿದ್ದರು. ಅವರ ಮುಖ ನನಗೆ ಈಗಲೂ ಕಣ್ಣ ಮುಂದಿದೆ.

ಮರುದಿನ ಬೆಳಿಗ್ಗೆಯ ರೈಲಿಗೆ ತುಮಕೂರಿಗೆ ಹೋಗಿ ಅಲ್ಲಿನ ಸೈಬರ್ ಸೆಂಟರಿನಲ್ಲಿ ಅದೇ ಹೆಸರು, ಅದೇ ವಿಳಾಸ, ಅದೇ ಅಂಕಗಳನ್ನು ತುಂಬಿದಳು. ಒಂದೇ ಸಲಕ್ಕೆ ಹೋಯಿತು. ಅಲ್ಲಿ ಇದ್ದದ್ದು ಕ್ರೋಮ್ ಎಂಬ ಬೇರೆ ಬ್ರೌಸರ್.

ಏನು ವ್ಯತ್ಯಾಸ ಎಂಬುದು ನನಗೆ ತಿಳಿದದ್ದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಬ್ಬಕ್ಕೆ ಊರಿಗೆ ಬಂದಾಗ. ಆ ಫಾರಂ ಪುಟ ತೆರೆದು ಒಳಗಿನ ಬರಹವನ್ನು ತೋರಿಸಿದ. ‘ಮಿಸ್, ಇಲ್ಲಿ ನೋಡಿ. ಹೆಸರು ತಗೊಂಡು ಟ್ರಿಮ್ ಮಾಡು ಅಂತ ಬರೆದಿದ್ದಾರೆ. ನಿಮ್ಮ ಬ್ರೌಸರಿಗೆ ಟ್ರಿಮ್ ಅನ್ನೋ ಪದಾನೇ ಗೊತ್ತಿಲ್ಲ. ಗೊತ್ತಿಲ್ಲದ ಪದ ಬಂದ್ರೆ ಅಲ್ಲೇ ನಿಂತುಬಿಡುತ್ತೆ, ಮುಂದಿನ ಸಾಲಿಗೆ ಹೋಗೋದಿಲ್ಲ.’ ಅವಳು ಹೆಸರಿನ ಕೊನೆಗೆ ಸ್ಪೇಸ್ ಒತ್ತಿದ್ದಳೋ ಇಲ್ಲವೋ, ಇಲ್ಲಿ ಲೆಕ್ಕಕ್ಕೇ ಬರಲಿಲ್ಲ. ಖಾಲಿ ಜಾಗವನ್ನು ತೆಗೆಯುತ್ತೇನೆಂದು ಹೊರಟ ಸಾಲೇ ಅರ್ಜಿಯನ್ನು ಕೊಂದಿತ್ತು.

ಆತ ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಬ್ರೌಸರುಗಳೆಲ್ಲ ಅರ್ಥಮಾಡಿಕೊಳ್ಳುವ ಜಾವಾಸ್ಕ್ರಿಪ್ಟ್ ಭಾಷೆಗೆ ಒಂದು ಅಧಿಕೃತ ನಿಯಮಾವಳಿ ಇದೆ. ಅದರ ಐದನೇ ಆವೃತ್ತಿ ಬಂದದ್ದು 2009ರ ಡಿಸೆಂಬರಿನಲ್ಲಿ, ಟ್ರಿಮ್ ಎಂಬುದು ಅದರಲ್ಲಿ ಸೇರಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಅದೇ ವರ್ಷದ ಮಾರ್ಚಿನಲ್ಲೇ ಹೊರಬಂದಿತ್ತು. ಫೈರ್‌ಫಾಕ್ಸ್‌ನವರು ನಿಯಮ ಅಂತಿಮವಾಗುವುದಕ್ಕೂ ಮೊದಲೇ, ಆ ವರ್ಷದ ಜೂನಿನ 3.5ನೇ ಆವೃತ್ತಿಯಲ್ಲಿ ಅದನ್ನು ಸೇರಿಸಿದ್ದರು. ಎಕ್ಸ್‌ಪ್ಲೋರರಿಗೆ ಅದು ಬಂದದ್ದು 2011ರ ಒಂಬತ್ತನೇ ಆವೃತ್ತಿಯಲ್ಲಿ. ಆ ಒಂಬತ್ತನ್ನು ಎಕ್ಸ್‌ಪಿ ಕಂಪ್ಯೂಟರಿಗೆ ಹಾಕಲು ಬರುತ್ತಿರಲಿಲ್ಲ. ಅಂದರೆ ಎಕ್ಸ್‌ಪಿ ಇಟ್ಟುಕೊಂಡು ಎಕ್ಸ್‌ಪ್ಲೋರರನ್ನೇ ನಂಬಿದ್ದವರಿಗೆ ಎಂಟೇ ಕೊನೆಯದು. 2014ರ ಏಪ್ರಿಲ್ 8ರವರೆಗೂ ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಬೆಂಬಲ ಕೊಡುತ್ತಲೇ ಇತ್ತು, ಹಾಗಾಗಿ ನಾವೇನೂ ಕಾಲಬಾಹಿರ ವಸ್ತುವನ್ನು ಬಳಸುತ್ತಿರಲಿಲ್ಲ. ಬೇರೆ ಬ್ರೌಸರ್ ಹಾಕಿಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ಹಾಕಿಕೊಳ್ಳಬಹುದಿತ್ತು. ಆದರೆ ಎಷ್ಟೋ ತಾಣಗಳು ‘ಎಕ್ಸ್‌ಪ್ಲೋರರಿನಲ್ಲಿ ಮಾತ್ರ ತೆರೆಯಿರಿ’ ಎಂದೇ ಬರೆದುಕೊಂಡಿದ್ದ ಕಾಲ ಅದು.

ಹೊಸ ಕಂಪ್ಯೂಟರ್ ಕೊಂಡವರಿಗೂ ಪೂರ್ತಿ ಬಿಡುಗಡೆ ಸಿಗಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡಿದ ವಿಷಯ. ಹಳೆಯ ಪುಟಗಳು ಕೆಡದಿರಲೆಂದು ಎಕ್ಸ್‌ಪ್ಲೋರರಿನಲ್ಲಿ ‘ಕಂಪ್ಯಾಟಿಬಿಲಿಟಿ ವ್ಯೂ’ ಎಂಬ ವ್ಯವಸ್ಥೆ ಇತ್ತು. ಅದನ್ನು ಒತ್ತಿದರೆ ಹೊಸ ಬ್ರೌಸರ್ ಹಳೆಯ ಬ್ರೌಸರಿನಂತೆ ನಡೆದುಕೊಳ್ಳುತ್ತದೆ, ಟ್ರಿಮ್ ಎಂಬ ಪದವನ್ನೂ ಮರೆಯುತ್ತದೆ. ತಾಣ ಸರಿಯಾಗಿ ಕಾಣಲಿ ಎಂದು ಅದನ್ನು ಒತ್ತಿದವರ ಅರ್ಜಿ ಬಟನ್ನಿನ ಹತ್ತಿರ ಬಂದು ನಿಲ್ಲುತ್ತಿತ್ತು.

ಇದಕ್ಕೆ ಮದ್ದು ಆಗಲೂ ಇತ್ತು. ಬ್ರೌಸರಿಗೆ ಟ್ರಿಮ್ ಗೊತ್ತಿದೆಯೇ ಎಂದು ಪುಟವೇ ಮೊದಲು ಕೇಳುವುದು, ಗೊತ್ತಿಲ್ಲದಿದ್ದರೆ ಆಗಲೇ ಅಲ್ಲೇ ಕಲಿಸಿಕೊಡುವುದು: ‘ಆರಂಭದ ಖಾಲಿ ಮತ್ತು ಕೊನೆಯ ಖಾಲಿಯನ್ನು ಹುಡುಕಿ ಏನೂ ಇಲ್ಲದಂತೆ ಮಾಡು’ ಎಂದು. ಎರಡು ಮೂರು ಸಾಲಿನ ಕೆಲಸ. 2006ರಲ್ಲೇ ಬಂದಿದ್ದ ಜೆಕ್ವೆರಿ ಎಂಬ ಉಚಿತ ಸಲಕರಣೆಯಲ್ಲಿ ಹಳೆಯ ಬ್ರೌಸರಿನಲ್ಲೂ ನಡೆಯುವ ಟ್ರಿಮ್ ಸಿದ್ಧವಾಗಿಯೇ ಇತ್ತು. ನನ್ನ ವಿದ್ಯಾರ್ಥಿ ಇನ್ನೊಂದು ಸೂಕ್ಷ್ಮವನ್ನೂ ಹೇಳಿದ. ಖಾಲಿ ಜಾಗದಲ್ಲೂ ಜಾತಿಗಳಿವೆಯಂತೆ. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಿಂದ ಗುರುತಿಸುತ್ತದೆ, ಸ್ಪೇಸ್ ಬಾರ್ ಒತ್ತಿದರೆ ಬರುವ ಸ್ಪೇಸಿನ ಸಂಖ್ಯೆ 32. ಸಾಲಿನ ಕೊನೆಯಲ್ಲಿ ಎರಡು ಪದಗಳು ಬೇರೆಯಾಗದಂತೆ ಹಿಡಿದಿಡುವ ಸ್ಪೇಸ್ ಒಂದಿದೆ, ಅದರ ಸಂಖ್ಯೆ 160. ವರ್ಡ್ ಕಡತದಿಂದಲೋ ಬೇರೆ ಜಾಲಪುಟದಿಂದಲೋ ನಕಲು ಮಾಡಿ ಅಂಟಿಸಿದಾಗ ಈ ಎರಡನೆಯದು ಅಂಟಿಕೊಂಡು ಬರುತ್ತದೆ. ಹಳೆಯ ಎಕ್ಸ್‌ಪ್ಲೋರರ್ ಅದನ್ನು ಖಾಲಿ ಎಂದು ಗುರುತಿಸುತ್ತಲೇ ಇರಲಿಲ್ಲ, ಅದನ್ನೂ ತೆಗೆ ಎಂದು ಫಾರಂ ಬರೆದವರೇ ಬೇರೆಯಾಗಿ ಸೇರಿಸಬೇಕಿತ್ತು. ಸೇರಿಸದೆ ಮರೆತವರ ಫಾರಂನಲ್ಲಿ ಕೈಯಲ್ಲಿ ಹೊಡೆದ ಹೆಸರು ಸ್ವಚ್ಛವಾಗುತ್ತಿತ್ತು, ಅಂಟಿಸಿದ ಹೆಸರು ಬಾಲ ಸಮೇತ ಉಳಿಯುತ್ತಿತ್ತು.

ಬಾಲ ಉಳಿದರೆ ಏನು ಮಹಾ ಎನ್ನುವವರಿಗೆ ಒಂದು ಪ್ರಸಂಗ ಹೇಳುತ್ತೇನೆ. ಟ್ರಿಮ್ ಮಾಡದ ಇನ್ನೊಂದು ಫಾರಂನಲ್ಲಿ ಒಬ್ಬ ಹುಡುಗನ ಹೆಸರಿನ ಮೊದಲ ಅಕ್ಷರಕ್ಕೂ ಮುಂಚೆ ಸ್ಪೇಸ್ ಸೇರಿಹೋಗಿತ್ತು. ಆಯ್ಕೆಯಾದವರ ಪಟ್ಟಿ ಇಂಗ್ಲಿಷ್ ಅಕ್ಷರಕ್ರಮದಲ್ಲಿ ಬಂತು. ಅವನ ಹೆಸರು ‘ಎಸ್’ನಲ್ಲಿ ಇರಬೇಕು. ಇಡೀ ‘ಎಸ್’ ಹುಡುಕಿದ, ಇಲ್ಲ. ಮನೆಗೆ ಹೋದ. ಸಂಜೆ ನಾನು ಪಟ್ಟಿಯನ್ನು ಸುಮ್ಮನೆ ಮೇಲಿನಿಂದ ಓದುತ್ತಾ ಬಂದರೆ ‘ಎ’ ಅಕ್ಷರದವರಿಗಿಂತ ಮೇಲೆ, ಪಟ್ಟಿಯ ತಲೆಯಲ್ಲೇ ಅವನು ಇದ್ದಾನೆ. ಯಂತ್ರದ ಲೆಕ್ಕದಲ್ಲಿ ಸ್ಪೇಸ್ 32, ಎ 65. ಚಿಕ್ಕ ಸಂಖ್ಯೆ ಮೊದಲು ಬರುತ್ತದೆ. ಸ್ಪೇಸಿನ ದೆಸೆಯಿಂದ ಮೊದಲಿಗನಾಗಿದ್ದ ಆ ಹುಡುಗ ತಾನು ಆಯ್ಕೆಯಾಗಿಲ್ಲವೆಂದು ಇಡೀ ದಿನ ಊಟ ಬಿಟ್ಟಿದ್ದ.

ಕಚೇರಿಗೆ ಹೋಗಿ ಕೇಳಿದರೂ ಉಪಯೋಗವಿರುವುದಿಲ್ಲ. ಬ್ರೌಸರ್ ಪುಟವನ್ನು ತೋರಿಸುವಾಗ ಒಂದಕ್ಕಿಂತ ಹೆಚ್ಚು ಸ್ಪೇಸ್ ಇದ್ದರೆ ಒಂದೇ ಮಾಡಿ ತೋರಿಸುತ್ತದೆ, ತುದಿಯಲ್ಲಿದ್ದರೆ ತೋರಿಸುವುದೇ ಇಲ್ಲ. ಗುಮಾಸ್ತರ ಪರದೆಯಲ್ಲಿ ಅರ್ಜಿಯ ಹೆಸರು, ತಾಳೆ ನೋಡುವ ದಾಖಲೆಯ ಹೆಸರು ಎರಡೂ ಒಂದೇ ಥರ ಕಾಣುತ್ತವೆ. ‘ಸರಿಯಾಗೇ ಇದೆಯಲ್ಲಮ್ಮ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕಾಣುವುದೇ ಅಷ್ಟು.

ಕಾಗದದ ಅರ್ಜಿಯ ಕಾಲವನ್ನು ನೆನೆಯಿರಿ. ಚೌಕಕ್ಕೊಂದು ಅಕ್ಷರದಂತೆ ಹೆಸರು ಬರೆಯುತ್ತಿದ್ದೆವು. ಮೂವತ್ತು ಚೌಕ ಇರುತ್ತಿತ್ತು, ಹೆಸರಿಗೆ ಹನ್ನೆರಡು ಸಾಕಾಗುತ್ತಿತ್ತು. ಉಳಿದ ಹದಿನೆಂಟು ಚೌಕ ಯಾಕೆ ಖಾಲಿ ಎಂದು ಯಾವ ಗುಮಾಸ್ತರೂ ಕೇಳಲಿಲ್ಲ. ನಮ್ಮೂರಿನ ಮಾರುಕಟ್ಟೆಗೆ ಕೊಬ್ಬರಿ ತಂದರೆ ತೂಕದಲ್ಲಿ ಗೋಣಿಚೀಲದ ತೂಕವನ್ನು ಕಳೆದುಕೊಂಡು ಲೆಕ್ಕ ಬರೆಯುತ್ತಾರೆ. ಚೀಲ ಬಿಚ್ಚಿ ಬರಿಗೈಯಲ್ಲಿ ಹೊತ್ತು ತನ್ನಿ ಎಂದು ರೈತನನ್ನು ವಾಪಸ್ ಕಳಿಸುವುದಿಲ್ಲ. ಚೀಲದ ತೂಕ ಕಳೆಯುವುದು ತೂಗುವವರ ಕೆಲಸ.

ಅಂಕೆಗಳ ಕಥೆ ಬೇರೆ, ಅಲ್ಲಿ ನಡುವಿನ ಖಾಲಿಯನ್ನೂ ತೆಗೆಯಬೇಕು. ಆಧಾರ್ ಕಾರ್ಡಿನಲ್ಲಿ 12 ಅಂಕೆಗಳನ್ನು ನಾಲ್ಕು ನಾಲ್ಕಾಗಿ ಬಿಡಿಸಿ ಮುದ್ರಿಸಿರುತ್ತಾರೆ, ಓದುವವರಿಗೆ ಅನುಕೂಲವಾಗಲಿ ಎಂದು. ಅದನ್ನು ಹಾಗೆಯೇ ನಕಲು ಮಾಡಿದರೆ ಎರಡು ಸ್ಪೇಸ್ ಸೇರಿ 14 ಆಗುತ್ತದೆ. ಫಾರಂನ ಚೌಕಕ್ಕೆ 12ರ ಮಿತಿ ಹಾಕಿರುತ್ತಾರೆ. ಅಂಟಿಸಿದಾಗ ಕೊನೆಯ ಎರಡು ಅಂಕೆ ಸದ್ದಿಲ್ಲದೆ ಬಿದ್ದುಹೋಗುತ್ತವೆ, ಆಮೇಲೆ ‘ಆಧಾರ್ ಸಂಖ್ಯೆ ತಪ್ಪಾಗಿದೆ’ ಎಂದು ಕೆಂಪಕ್ಷರ ಬರುತ್ತದೆ. ಪಿನ್‌ಕೋಡನ್ನು ಮೂರು ಮೂರಾಗಿ ಬಿಡಿಸಿ ಬರೆಯುವುದು ನಮ್ಮ ತಲೆಮಾರಿನವರ ರೂಢಿ, ಅದಕ್ಕೂ ಇದೇ ಗತಿ. ಬ್ಯಾಂಕಿನ ಐಎಫ್‌ಎಸ್‌ಸಿ 11 ಅಕ್ಷರ, ಕೊನೆಗೊಂದು ಸ್ಪೇಸ್ ಸೇರಿದರೆ 12. ಮಿತಿಯನ್ನು ಸಡಿಲವಾಗಿ ಇಟ್ಟು, ಖಾಲಿಯನ್ನು ತೆಗೆದು, ಆಮೇಲೆ ಎಣಿಸಿದರೆ ಇವೆಲ್ಲ ಇಲ್ಲವಾಗುತ್ತವೆ. ಎಣಿಸಿ ಬೈದ ಮೇಲೆ ತೆಗೆದು ಏನು ಪ್ರಯೋಜನ? ಪಾಸ್‌ವರ್ಡ್ ಒಂದರಲ್ಲಿ ಮಾತ್ರ ತುಸು ಎಚ್ಚರ ಬೇಕು. ಯಾರಾದರೂ ಬೇಕೆಂದೇ ಸ್ಪೇಸ್ ಇಟ್ಟಿರಬಹುದು. ನೋಂದಣಿಯಲ್ಲಿ ತೆಗೆದು ಲಾಗಿನ್‌ನಲ್ಲಿ ತೆಗೆಯದಿದ್ದರೆ ಅವರು ಬಾಗಿಲ ಹೊರಗೇ ಉಳಿಯುತ್ತಾರೆ.

ಇನ್ನು ಕನ್ನಡದ ಮಾತು. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಕನ್ನಡ ಟೈಪ್‌ರೈಟರಿನಲ್ಲಿ ಡೆಡ್ ಕೀ ಎಂಬ ಕೀಲಿಗಳಿದ್ದವು. ಒತ್ತಿದರೆ ಕಾಗದದ ಮೇಲೆ ಗುರುತು ಬೀಳುತ್ತದೆ, ಆದರೆ ಕಾಗದ ಹಿಡಿದಿರುವ ಕ್ಯಾರೇಜ್ ಸರಿಯುವುದಿಲ್ಲ. ಸ್ಪೇಸ್ ಬಾರ್ ಅದಕ್ಕೆ ತದ್ವಿರುದ್ಧ, ಕ್ಯಾರೇಜ್ ಸರಿಯುತ್ತದೆ, ಗುರುತು ಬೀಳುವುದಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಮೂರನೆಯದೊಂದು ಇದೆ. ಗುರುತೂ ಬೀಳುವುದಿಲ್ಲ, ಜಾಗವೂ ಸರಿಯುವುದಿಲ್ಲ, ಆದರೆ ಅಕ್ಷರದ ರೂಪ ಬದಲಾಗುತ್ತದೆ. ಅದನ್ನು ಜೀರೋ ವಿಡ್ತ್ ನಾನ್ ಜಾಯ್ನರ್ ಎನ್ನುತ್ತಾರೆ. ರಾಜ್‌ಕುಮಾರ್ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಅದು ಇರುತ್ತದೆ. ಇಲ್ಲದಿದ್ದರೆ ಕ ಒತ್ತಕ್ಷರವಾಗಿ ಕೆಳಗಿಳಿದು ‘ರಾಜ್ಕುಮಾರ್’ ಆಗಿಬಿಡುತ್ತದೆ. ಅದರ ಅಣ್ಣತಮ್ಮನಂಥ ಜೀರೋ ವಿಡ್ತ್ ಜಾಯ್ನರ್ ಇಲ್ಲದಿದ್ದರೆ ‘ರ’ ಅಕ್ಷರವನ್ನು ಅರ್ಕಾವೊತ್ತಾಗದಂತೆ ಉಳಿಸಿ ಅದರ ಕೆಳಗೆ ಯ ಒತ್ತು ಕೊಡಲಾಗುವುದಿಲ್ಲ.

ಯೂನಿಕೋಡ್ ಪಟ್ಟಿಯಲ್ಲಿ ಇವೆರಡೂ ಖಾಲಿ ಜಾಗದ ಗುಂಪಿಗೆ ಸೇರಿಲ್ಲ. ಹೀಗಾಗಿ ಟ್ರಿಮ್ ಇವನ್ನು ಮುಟ್ಟುವುದಿಲ್ಲ, ಅದು ಸರಿಯೇ. ಸಮಸ್ಯೆ ಎರಡು ಕಡೆಯಿಂದ ಬರುತ್ತದೆ. ಹೆಸರಿನ ಕೊನೆಯ ಅರ್ಧಾಕ್ಷರದ ಆಚೆ ನಾನ್ ಜಾಯ್ನರ್ ಉಳಿದುಕೊಂಡರೆ ಟ್ರಿಮ್ ಮಾಡಿದ ಮೇಲೂ ಅದು ಹೋಗುವುದಿಲ್ಲ, ತಾಳೆ ನೋಡುವಾಗ ಎರಡು ‘ಕುಮಾರ್’ ಬೇರೆ ಬೇರೆಯಾಗುತ್ತಾರೆ. ತುದಿಯಲ್ಲಿ ಅದರಿಂದ ಯಾವ ಪ್ರಯೋಜನವೂ ಇಲ್ಲವಾದ್ದರಿಂದ ಅಲ್ಲಿ ಧಾರಾಳವಾಗಿ ತೆಗೆಯಬಹುದು. ಇನ್ನೊಂದು ಕಡೆ, ಕಾಣದ್ದೆಲ್ಲ ಕಸ ಎಂದುಕೊಂಡು ಹೆಸರಿನ ನಡುವಿನದನ್ನೂ ಕಿತ್ತುಹಾಕುವ ತಂತ್ರಾಂಶವಿದೆ. ನನ್ನ ವಿದ್ಯಾರ್ಥಿಯೊಬ್ಬನ ಪ್ರಮಾಣಪತ್ರದಲ್ಲಿ ಹೆಸರು ಒತ್ತಕ್ಷರ ಹೊತ್ತುಕೊಂಡು ಮುದ್ರಣವಾಗಿ ಬಂದಿತ್ತು. ತಿದ್ದಿಸಲು ಅವನು ಅಫಿಡವಿಟ್ ಮಾಡಿಸಬೇಕಾಯಿತು. ಅವನು ಹೊಡೆದದ್ದು ಸರಿಯಿತ್ತು, ನಾನೇ ಪಕ್ಕದಲ್ಲಿ ನಿಂತು ನೋಡಿದ್ದೆ. ಆದ್ದರಿಂದ ಕನ್ನಡದ ಹೆಸರಿಗೆ ಕತ್ತರಿ ಹಾಕುವವರು ಕನ್ನಡ ಓದಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಲಿ ಎಂದು ಕೈಮುಗಿದು ಕೇಳುತ್ತೇನೆ.

2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರನ್ನು ನಿವೃತ್ತಿಗೊಳಿಸಿತು. ನನ್ನ ಆ ಹಳೆಯ ಕಂಪ್ಯೂಟರಿನಲ್ಲಿ ಈಗ ಬಹುತೇಕ ತಾಣಗಳು ತೆರೆಯುವುದೇ ಇಲ್ಲ, ಅವು ಕೇಳುವ ಹೊಸ ಭದ್ರತಾ ವ್ಯವಸ್ಥೆ ಅದಕ್ಕೆ ಗೊತ್ತಿಲ್ಲ. ಹಾಗಿದ್ದ ಮೇಲೆ ಇದನ್ನೆಲ್ಲ ಈಗ ಬರೆಯುವುದು ಏಕೆ ಎಂದು ನೀವು ಕೇಳಬಹುದು. ಅಂದು ಆದ ತಪ್ಪು ಬ್ರೌಸರಿನದು ಮಾತ್ರವಲ್ಲ ಎಂಬುದಕ್ಕಾಗಿ ಬರೆಯುತ್ತಿದ್ದೇನೆ. ಅರ್ಜಿಯನ್ನು ಸ್ವಚ್ಛಗೊಳಿಸುವ ಕೆಲಸವನ್ನು ಪೂರ್ತಿಯಾಗಿ ಅರ್ಜಿದಾರರ ಕಂಪ್ಯೂಟರಿಗೆ ವಹಿಸಿದ್ದೇ ತಪ್ಪು. ಅವರ ಮನೆಯಲ್ಲಿ ಯಾವ ಕಂಪ್ಯೂಟರ್ ಇದೆಯೋ, ಎಷ್ಟು ಹಳೆಯ ಮೊಬೈಲ್ ಇದೆಯೋ, ಯಾವ ಕೀಬೋರ್ಡ್ ಹಾಕಿಕೊಂಡಿದ್ದಾರೋ ಫಾರಂ ಮಾಡಿದವರಿಗೆ ಗೊತ್ತಿರುವುದಿಲ್ಲ. ಅರ್ಜಿ ಹೋಗಿ ಸೇರುವ ಸರ್ವರ್ ಮಾತ್ರ ಫಾರಂ ಮಾಡಿದವರದೇ. ಅರ್ಜಿ ಅಲ್ಲಿಗೆ ತಲುಪಿದ ಮೇಲೆ ತುದಿಯ ಖಾಲಿಯನ್ನು ತೆಗೆದರೆ ಯಾವ ಬ್ರೌಸರಿನಿಂದ ಬಂದರೂ ಒಂದೇ. ಪುಟದಲ್ಲೂ ಟ್ರಿಮ್ ಇರಲಿ, ತುಂಬುವವರಿಗೆ ಆಗಲೇ ತಿಳಿಯಲು ಅನುಕೂಲ. ಆದರೆ ಪುಟದ ಟ್ರಿಮ್ ಕೆಲಸ ಮಾಡದಿದ್ದರೆ ಅರ್ಜಿಯೇ ನಿಲ್ಲುವಂತೆ ಇರಬಾರದು. ಈಗಾಗಲೇ ದಾಖಲೆಗಳಲ್ಲಿ ಬಾಲ ಸಮೇತ ಕುಳಿತಿರುವ ಹೆಸರುಗಳನ್ನೂ ಒಮ್ಮೆ ಸ್ವಚ್ಛಮಾಡಬೇಕು. ಅದಕ್ಕೆ ಜನರನ್ನು ಅಲೆಸುವ ಅಗತ್ಯವಿಲ್ಲ.

ಅದು ಆಗುವವರೆಗೆ ಓದುಗರು ಒಂದು ಕೆಲಸ ಮಾಡಬಹುದು. ಹೆಸರು ತುಂಬಿದ ಮೇಲೆ ಎಂಡ್ ಕೀ ಒತ್ತಿ. ಕರ್ಸರ್ ಕೊನೆಯ ಅಕ್ಷರಕ್ಕೆ ಅಂಟಿಕೊಂಡು ನಿಂತರೆ ಸರಿ, ಒಂದಿಷ್ಟು ಆಚೆ ನಿಂತರೆ ಅಲ್ಲಿ ಸ್ಪೇಸ್ ಇದೆ, ಬ್ಯಾಕ್‌ಸ್ಪೇಸ್ ಒತ್ತಿ ತೆಗೆಯಿರಿ. ಹೋಮ್ ಕೀ ಒತ್ತಿ ಆರಂಭವನ್ನೂ ನೋಡಿ. ಮೊಬೈಲಿನಲ್ಲಿ ಹೆಸರಿನ ಕೊನೆಗೆ ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ಇದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ನನ್ನ ಅಂಗಡಿಯ ಗೋಡೆಗೆ ಅಂಟಿಸಿದ್ದೆ. ಈಗ ಅಂಗಡಿಯನ್ನು ನೋಡಿಕೊಳ್ಳುವ ಹುಡುಗಿ ಅದನ್ನು ಹಾಗೆಯೇ ಉಳಿಸಿಕೊಂಡಿದ್ದಾಳೆ. ಅವತ್ತು ತುಮಕೂರಿಗೆ ರೈಲು ಹತ್ತಿದವಳು ಅವಳೇ.

ಹೊಸ ಫಾರಂ ಮಾಡುವವರಲ್ಲಿ ಒಂದು ಬಿನ್ನಹ. ಅದನ್ನು ಜನರ ಮುಂದೆ ಇಡುವ ಮೊದಲು ಟೈಪಿಂಗ್ ಕಲಿತ ಒಬ್ಬರ ಕೈಯಲ್ಲಿ, ಮೊಬೈಲಿನಲ್ಲಿ ಸಲಹೆಯ ಪದ ಮುಟ್ಟುವ ಒಬ್ಬರ ಕೈಯಲ್ಲಿ, ಆಧಾರ್ ಸಂಖ್ಯೆಯನ್ನು ನಕಲು ಮಾಡಿ ಅಂಟಿಸುವ ಒಬ್ಬರ ಕೈಯಲ್ಲಿ ತುಂಬಿಸಿ ನೋಡಿ. ನನ್ನ ಹಳೆಯ ವಿದ್ಯಾರ್ಥಿಗಳು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕರೆದರೆ ಬರುತ್ತಾರೆ, ನಾನೂ ಬರುತ್ತೇನೆ.

ಇತಿ ನಮಸ್ಕಾರಗಳೊಂದಿಗೆ,
ನಿವೃತ್ತ ಟೈಪಿಂಗ್ ಶಿಕ್ಷಕಿ,
ತಿಪಟೂರು